ಓದುಗರ ಪ್ರಶ್ನೆ: ಹದಿಹರೆಯದ ಕಾದಂಬರಿಯಲ್ಲಿ ದತ್ತು ಮಗು

ಹದಿಮೂರರಿಂದ ಹದಿನೆಂಟರೊಳಗಿನ ಓದುಗರಿಗಾಗಿ ದತ್ತು ಮಕ್ಕಳ ಕಥೆ ಬರೆಯುತ್ತಿರುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಪತ್ರಗಳೆಲ್ಲ ಬೆಂಗಳೂರಿನವೇ. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ್ದರಿಂದ ಎಲ್ಲರದ್ದೂ ಬಡಾವಣೆಯಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ನಾಯಕಿಗೆ ಹದಿನಾರು. ಪಿಯು ಕಾಲೇಜಿನ ಅರ್ಜಿಗೆಂದು ಜನನ ಪ್ರಮಾಣಪತ್ರ ಹುಡುಕುವಾಗ ಅದರಲ್ಲಿ ಬೇರೆ ಅಪ್ಪ ಅಮ್ಮನ ಹೆಸರು ಕಾಣುತ್ತದೆ. ತಾನು ದತ್ತು ಎಂದು ಅವಳಿಗೆ ಗೊತ್ತಾಗುವುದೇ ಆಗ. ಹಸ್ತಪ್ರತಿ ಓದಿದ ಗೆಳತಿ ‘ಹೀಗೆಲ್ಲ ಆಗಲ್ಲ ಕಣೇ’ ಅಂದಳು. ಎಲ್ಲಿ ತಪ್ಪಿದೆ? (ರಾಜಾಜಿನಗರ)

ಉತ್ತರ: ಗೆಳತಿ ಹೇಳಿದ್ದು ಸರಿ. ಕಾನೂನಿನ ಪ್ರಕಾರ ದತ್ತು ಆದ ಮಗುವಿಗೆ ಸಿಗುವ ಜನನ ಪ್ರಮಾಣಪತ್ರದಲ್ಲಿ ತಂದೆ, ತಾಯಿ ಎಂಬಲ್ಲಿ ಇರುವುದು ದತ್ತು ತೆಗೆದುಕೊಂಡವರ ಹೆಸರೇ. ಬೇರೆ ಹೆಸರಿನ ಪತ್ರ ಸಿಗುವುದು ಸಿನಿಮಾದ ಬೀರುವಿನಲ್ಲಿ ಮಾತ್ರ. ಹಾಗಂತ ದೃಶ್ಯವನ್ನೇ ಕಿತ್ತುಹಾಕಬೇಕಿಲ್ಲ. ಅದೇ ಪತ್ರದಲ್ಲಿ ಜನನ ದಿನಾಂಕದ ಜೊತೆಗೆ ನೋಂದಣಿ ದಿನಾಂಕವೂ ಇರುತ್ತದೆ. ದತ್ತು ಆದೇಶದ ನಂತರ ನೋಂದಾಯಿಸಿದ್ದಾದರೆ ಎರಡರ ನಡುವೆ ಒಂದೂವರೆ ವರ್ಷದ ಅಂತರ ಕಾಣಬಹುದು. ಬೇರೆ ಕಾರಣಕ್ಕೂ ತಡವಾಗಿ ನೋಂದಣಿ ಮಾಡಿಸಿದ ಮನೆಗಳು ಬೇಕಾದಷ್ಟಿವೆ, ಆದ್ದರಿಂದ ಇದು ಪುರಾವೆಯಲ್ಲ. ಹದಿನಾರರ ಹುಡುಗಿಯ ತಲೆಯಲ್ಲಿ ಒಂದು ವಾರ ಕೊರೆಯಲು ಅಷ್ಟು ಸಾಕು.

ಇನ್ನು ಇಸವಿಯ ಲೆಕ್ಕ. ಇಲ್ಲಿ ಎಡವುವವರೇ ಜಾಸ್ತಿ. ಕಥೆ ನಡೆಯುವುದು 2025ರಲ್ಲಿ, ಹುಡುಗಿಗೆ ಹದಿನಾರು ಎಂದರೆ ಹುಟ್ಟಿದ್ದು 2009. ಒಂದು ವರ್ಷದ ಕೂಸಾಗಿ ಮನೆಗೆ ಬಂದಿದ್ದರೆ 2010. ಆಗ ದತ್ತುವಿಗೆ ಹೆಸರು ಬರೆಸಿ ಕಾಯುವ ಈಗಿನ ಆನ್‌ಲೈನ್ ಸರದಿ ಇರಲಿಲ್ಲ, ದೇಶಕ್ಕೆಲ್ಲ ಒಂದೇ ಪೋರ್ಟಲ್ ಎಂಬ ಪದ್ಧತಿ ಬಂದದ್ದು 2015ರ ಆಗಸ್ಟ್‌ನಲ್ಲಿ. ಅವಳ ಅಪ್ಪ ಅಮ್ಮ ದತ್ತು ಸಂಸ್ಥೆಗೇ ಹೋಗಿ ಹೆಸರು ಬರೆಸಿರುತ್ತಾರೆ, ಆದೇಶ ಕೊಟ್ಟಿರುವುದು ನ್ಯಾಯಾಲಯ. ಸಂಸ್ಥೆಗಳ ಮೂಲಕ ಆಗುವ ದತ್ತುವಿಗೆ ಅನ್ವಯಿಸುವ ಈಗಿನ ಬಾಲನ್ಯಾಯ ಕಾಯ್ದೆ ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅದರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೇಲೆ ದತ್ತು ಆದೇಶದ ಅಧಿಕಾರ ಜಿಲ್ಲಾಧಿಕಾರಿಗೆ ಬಂತು. ಅದೇ ಮನೆಗೆ 2023ರಲ್ಲಿ ತಮ್ಮನೊಬ್ಬ ಬಂದ ಅನ್ನಿ, ಅಕ್ಕನ ಕಾಗದಕ್ಕೆ ನ್ಯಾಯಾಧೀಶರ ಸಹಿ, ತಮ್ಮನದಕ್ಕೆ ಜಿಲ್ಲಾಧಿಕಾರಿಯ ಸಹಿ. ಇಂಥದ್ದೊಂದು ಸಾಲು ಬಂದರೆ ಬರೆದವರಿಗೆ ವಿಷಯ ಗೊತ್ತಿದೆ ಎಂಬ ನಂಬಿಕೆ ಓದುವವರಿಗೆ ಬರುತ್ತದೆ.

ನಿಜವಾದ ಮನೆಗಳ ಕಡತದಲ್ಲಿ ಇರುವುದು ಇಷ್ಟು: ಸಮಾಜ ಕಾರ್ಯಕರ್ತೆ ಮನೆಗೆ ಬಂದು ಬರೆದ ಗೃಹ ಅಧ್ಯಯನ ವರದಿ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷೆಯ ವರದಿ, ಆದೇಶದ ಪ್ರತಿ. ಜೊತೆಗೆ, ಈಗಿನ ನಿಯಮದಂತೆ ಮನೆಗೆ ಬಂದ ಮೇಲೆ ಎರಡು ವರ್ಷ ಆರು ತಿಂಗಳಿಗೊಮ್ಮೆ ನಡೆಯುವ ಭೇಟಿಗಳ ವರದಿ. ಗೃಹ ಅಧ್ಯಯನ ವರದಿಯನ್ನು ಕಾದಂಬರಿಕಾರರು ಯಾಕೋ ಮುಟ್ಟುವುದೇ ಇಲ್ಲ. ತನ್ನ ಅಪ್ಪ ಅಮ್ಮನ ಸಂಬಳ, ಕಾಯಿಲೆ, ಮಗು ಯಾಕೆ ಬೇಕು ಎಂಬುದಕ್ಕೆ ಅವರು ಕೊಟ್ಟ ಉತ್ತರ, ಇದೆಲ್ಲ ಅಪರಿಚಿತರೊಬ್ಬರ ಸರ್ಕಾರಿ ಭಾಷೆಯಲ್ಲಿ ಇರುವ ಕಾಗದ ಅದು. ಅದನ್ನು ಮಗಳು ಓದುವ ದೃಶ್ಯ ಬರೆದು ನೋಡಿ.

ನಮ್ಮ ದೊಡ್ಡ ತಕರಾರು ಬೇರೆಯೇ ಇದೆ. ಎರಡು ಮೂರು ವರ್ಷ ವಯಸ್ಸಿನಿಂದಲೇ ಮಗುವಿಗೆ ದತ್ತು ವಿಷಯ ಹೇಳುತ್ತಾ ಬನ್ನಿ ಎಂದು ದತ್ತು ಸಂಸ್ಥೆಗಳ ಆಪ್ತಸಮಾಲೋಚಕರು ಅಪ್ಪ ಅಮ್ಮಂದಿರಿಗೆ ಹೇಳುತ್ತಾರೆ. ಇವತ್ತಿನ ಬೆಂಗಳೂರಿನಲ್ಲಿ ಹದಿನಾರರವರೆಗೆ ಮುಚ್ಚಿಟ್ಟರು ಎಂದರೆ ಆ ಮುಚ್ಚಿಡುವಿಕೆಗೆ ಒಂದು ಕಾರಣ ಬೇಕು. ಅಜ್ಜಿಯ ಭಯವೋ, ಆಸ್ತಿಯ ಜಗಳವೋ, ಅಮ್ಮನ ಸಂಕೋಚವೋ. ಕಾರಣ ಇಲ್ಲದಿದ್ದರೆ ರಹಸ್ಯ ನಿಮ್ಮ ಅನುಕೂಲಕ್ಕಷ್ಟೇ ಇದ್ದಂತಾಗುತ್ತದೆ.

ಪ್ರಶ್ನೆ: ರಹಸ್ಯ ತೆಗೆದುಬಿಟ್ಟರೆ ಕಥೆಯಲ್ಲಿ ಉಳಿಯುವುದಾದರೂ ಏನು? ಎಲ್ಲ ಗೊತ್ತಿರುವ ಹುಡುಗನ ಬಗ್ಗೆ ಇನ್ನೂರು ಪುಟ ಬರೆಯಲು ಆಗುತ್ತದೆಯೇ? (ಜಯನಗರ)

ಉತ್ತರ: ಅವನಿಗೆ ‘ಎಲ್ಲ’ ಗೊತ್ತಿರುವುದಿಲ್ಲ. ದತ್ತು ಎಂಬುದು ಗೊತ್ತು, ಅದಕ್ಕಿಂತ ಹಿಂದಿನದು ಗೊತ್ತಿಲ್ಲ. ಆ ಖಾಲಿ ಜಾಗಕ್ಕೆ ದಿನನಿತ್ಯದ ಬದುಕು ಹೇಗೆ ಡಿಕ್ಕಿ ಹೊಡೆಯುತ್ತದೆ ಎಂಬಲ್ಲೇ ಕಥೆಯಿದೆ.

ಒಂದು ಉದಾಹರಣೆ. ಗಾಂಧಿಬಜಾರಿನ ಆಸುಪಾಸಿನ ಯಾವುದೋ ದೇವಸ್ಥಾನ, ಹುಡುಗಿಯ ಹುಟ್ಟುಹಬ್ಬ. ಅರ್ಚಕರು ತಟ್ಟೆ ಕೈಗೆ ತೆಗೆದುಕೊಂಡು ‘ಗೋತ್ರ, ನಕ್ಷತ್ರ ಹೇಳಿ’ ಅನ್ನುತ್ತಾರೆ. ಅಪ್ಪ ಗೋತ್ರ ಹೇಳಿ, ತನ್ನದು, ಹೆಂಡತಿಯದು ನಕ್ಷತ್ರ ಹೇಳುತ್ತಾನೆ. ಮಗಳ ಸರದಿ ಬಂದಾಗ ಅಮ್ಮ ಒಂದು ಚೂರೂ ತಡವರಿಸದೆ ‘ಅವಳದೂ ರೋಹಿಣಿನೇ ಸ್ವಾಮಿ’ ಎಂದು ತನ್ನದನ್ನೇ ಕೊಟ್ಟುಬಿಡುತ್ತಾಳೆ. ಸಿಕ್ಕಿದ ಮಗುವಿನ ಹುಟ್ಟಿದ ದಿನವನ್ನು ವೈದ್ಯರು ಅಂದಾಜು ಮಾಡಿರುತ್ತಾರೆ, ಹೊತ್ತು ಅಂತೂ ಯಾರಿಗೂ ಗೊತ್ತಿರುವುದಿಲ್ಲ. ಹೊತ್ತಿಲ್ಲದ ಮೇಲೆ ನಕ್ಷತ್ರ ಎಲ್ಲಿಂದ ಬರಬೇಕು? ಹೆಸರಿನ ಮೊದಲಕ್ಷರ ಹಿಡಿದು ನಾಮನಕ್ಷತ್ರ ಹೇಳುವ ರೂಢಿಯೂ ಇದೆ. ಯಾವ ಅಮ್ಮ ಯಾವುದನ್ನು ಆರಿಸುತ್ತಾಳೆ ಎಂಬುದರಲ್ಲೇ ಆ ಅಮ್ಮ ಎಂಥವಳೆಂದು ಕಾಣುತ್ತದೆ. ಈ ದೃಶ್ಯದಲ್ಲಿ ‘ದತ್ತು’ ಎಂಬ ಪದವೇ ಬರಬೇಕಾಗಿಲ್ಲ.

ಹಾಗೆಯೇ ಕ್ಲಿನಿಕ್ಕಿನ ಫಾರಂ: ‘ಕುಟುಂಬದಲ್ಲಿ ಯಾರಿಗಾದರೂ ಶುಗರ್, ಬಿಪಿ, ಆಸ್ತಮಾ ಇದೆಯೇ?’ ಹೌದು, ಇಲ್ಲ ಎಂದು ಎರಡೇ ಚೌಕ. ‘ಗೊತ್ತಿಲ್ಲ’ಕ್ಕೆ ಚೌಕವಿಲ್ಲ. ಶಾಲೆಯ ವಂಶವೃಕ್ಷದ ಪ್ರಾಜೆಕ್ಟ್ ಮಾತ್ರ ದಯವಿಟ್ಟು ಬೇಡ, ಸವೆದು ಹೋಗಿದೆ.

ರಕ್ತದ ಗುಂಪನ್ನು ತರುವವರು ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ‘ಎ’ ಆಗಿದ್ದು ಮಗು ‘ಓ’ ಆಗುವುದು ಸಹಜ, ಅದರಿಂದ ಯಾರಿಗೂ ಅನುಮಾನ ಬರಬೇಕಿಲ್ಲ. ಒಬ್ಬರು ‘ಎ’, ಇನ್ನೊಬ್ಬರು ‘ಬಿ’ ಆದರೆ ಮಗು ನಾಲ್ಕರಲ್ಲಿ ಯಾವುದೂ ಆಗಬಹುದು. ಇಬ್ಬರೂ ‘ಓ’ ಇದ್ದು ಮಗು ‘ಎ’ ಅಥವಾ ‘ಬಿ’ ಇದ್ದರೆ ಪ್ರಶ್ನೆ ಏಳುತ್ತದೆ. ಅದಕ್ಕೂ ಅಪರೂಪದ ಅಪವಾದ ಉಂಟು: 1952ರಲ್ಲಿ ಪತ್ತೆಯಾದ ಬಾಂಬೆ ಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣುತ್ತಾರೆ. ಜೀವಶಾಸ್ತ್ರದ ಮೇಷ್ಟರು ಇದನ್ನು ಹೇಳಿ ಹುಡುಗನ ಅನುಮಾನವನ್ನು ಅಡ್ಡದಾರಿ ಹಿಡಿಸಬಹುದು.

ಕರ್ಣನನ್ನು ಏನು ಮಾಡುವುದು ಎಂದು ಮೂವರು ಕೇಳಿದ್ದಾರೆ. ಕನ್ನಡದಲ್ಲಿ ದತ್ತು ಎಂದೊಡನೆ ಪೆನ್ನು ತಾನಾಗಿ ಕರ್ಣನ ಕಡೆ ಹೊರಳುತ್ತದೆ: ಹುಟ್ಟಿನ ಗುಟ್ಟು, ಅವಮಾನ, ನದಿ, ಸಾವು. ತರಬೇಕೆಂದಿದ್ದರೆ ಅವನನ್ನು ಬೆಳೆಸಿದ ತಾಯಿ ರಾಧೆಯನ್ನು ತನ್ನಿ. ತನ್ನ ಮಗ ಬೇರೆಯವರ ಮಗನೆಂದು ಎಲ್ಲರೂ ಮಾತಾಡಿಕೊಳ್ಳುವಾಗ ಅವಳು ಒಲೆಯ ಮುಂದೆ ಏನು ಮಾಡುತ್ತಿದ್ದಳು?

ಪ್ರಶ್ನೆ: ‘ಹೆತ್ತವರು’, ‘ಸ್ವಂತ ಮಗು’, ‘ಸಾಕುಮಗಳು’, ‘ಅನಾಥ’ ಇವುಗಳಲ್ಲಿ ಯಾವುದನ್ನು ಬಳಸಬಹುದು? ಪಟ್ಟಿ ಕೊಟ್ಟರೆ ಉಪಕಾರ. (ಬಸವನಗುಡಿ)

ಉತ್ತರ: ಪಟ್ಟಿಯಿಂದ ಉಪಯೋಗವಿಲ್ಲ, ಯಾರ ಬಾಯಲ್ಲಿ ಎಂಬುದೇ ಮುಖ್ಯ. ಪಾತ್ರಗಳು ಬಾಯಿಗೆ ಬಂದದ್ದು ಆಡಲಿ. ಪಕ್ಕದ ಮನೆಯಾಕೆ ‘ಸ್ವಂತದ್ದು ಆಗಲಿಲ್ವಾ?’ ಎಂದು ಕೇಳಿಯೇ ಕೇಳುತ್ತಾಳೆ, ಅವಳ ಬಾಯಿ ತೊಳೆದು ಬರೆದರೆ ಸುಳ್ಳಾಗುತ್ತದೆ. ನಿರೂಪಣೆಯಲ್ಲಿ ಮಾತ್ರ ಕಣ್ಣಿಟ್ಟಿರಿ.

ಕನ್ನಡದ ತೊಂದರೆ ಏನೆಂದರೆ ಸಾಧಾರಣ ಪದಗಳ ಒಳಗೇ ಬಸಿರು, ಕರುಳು ಕೂತಿವೆ. ತಂದೆ ತಾಯಿ ಎಂಬುದಕ್ಕೆ ಪತ್ರಿಕೆಗಳು ಕಣ್ಣು ಮುಚ್ಚಿ ‘ಹೆತ್ತವರು’ ಎನ್ನುತ್ತವೆ. ಒಡಹುಟ್ಟಿದವರು, ಕರುಳಬಳ್ಳಿ, ಬೆನ್ನಿಗೆ ಬಿದ್ದ ತಂಗಿ, ಎಲ್ಲವೂ ಹಾಗೆಯೇ. ದತ್ತು ಕಥೆಯ ನಿರೂಪಕ ‘ಅವಳ ಹೆತ್ತವರು ಶಾಲೆಗೆ ಬಂದರು’ ಎಂದರೆ ಯಾರು ಬಂದರು ಎಂದೇ ತಿಳಿಯುವುದಿಲ್ಲ. ‘ಅಪ್ಪ ಅಮ್ಮ’ ಎಂದು ಬರೆಯಿರಿ, ಶಾಲೆಯ ಸುತ್ತೋಲೆಯಾದರೆ ‘ಪೋಷಕರು’. ಜನ್ಮ ಕೊಟ್ಟವಳನ್ನು ‘ಹೆತ್ತಮ್ಮ’ ಅನ್ನಬಹುದು, ಆದರೆ ‘ನಿಜವಾದ ಅಮ್ಮ’ ಬೇಡ. ಮನೆಯಲ್ಲಿರುವವಳು ಸುಳ್ಳು ಅಮ್ಮ ಎಂದಂತಾಗುತ್ತದೆ.

‘ಸಾಕು’ ಎಂಬ ಪದದೊಳಗೆ ಹದಿಹರೆಯದವರಿಗೆ ಒಂದು ಆಟವೇ ಇದೆ. ಸಾಕುಮಗ, ಸಾಕುನಾಯಿ, ‘ಅನ್ನ ಸಾಕು’. ಹದಿನಾಲ್ಕರ ಹುಡುಗನೊಬ್ಬ ಊಟದ ಹೊತ್ತಲ್ಲಿ ‘ನಾನು ನಿಮಗೆ ಸಾಕಾ, ಸಾಕುಮಗನಾ?’ ಎಂದು ಕೇಳಿದರೆ ಅದು ಬೇರೆ ಯಾವ ಭಾಷೆಗೂ ಹೋಗದ ಮಾತು. ಇಂಥದ್ದನ್ನು ಬಿಡಬೇಡಿ.

ಇನ್ನೊಂದು ಸಣ್ಣ ಪದ, ‘ಹಾಗೆ’. ‘ಸ್ವಂತ ಮಗಳ ಹಾಗೇ ನೋಡ್ಕೊಂಡಿದ್ದಾರೆ’ ಎಂದು ಮದುವೆಮನೆಯಲ್ಲಿ ಯಾರೋ ಹೊಗಳುತ್ತಾರೆ. ಹೊಗಳಿದವರಿಗೆ ಅದರಲ್ಲಿ ಏನೂ ಕಾಣಿಸುವುದಿಲ್ಲ, ಹುಡುಗಿಗೆ ಕಿವಿಯಲ್ಲಿ ನಿಲ್ಲುವುದು ಆ ‘ಹಾಗೆ’ಯೇ. ಇದನ್ನು ನಿರೂಪಕ ವಿವರಿಸದೆ ಬಿಟ್ಟರೆ ಒಳ್ಳೆಯದು.

‘ಅನಾಥ’ ಎಂಬುದಕ್ಕೆ ಕಾನೂನಿನಲ್ಲಿ ಬೇರೆಯೇ ಸ್ಥಾನವಿದೆ. ದತ್ತುವಿಗೆ ಬರುವ ಮಕ್ಕಳಲ್ಲಿ ಅನಾಥ, ಪರಿತ್ಯಕ್ತ (ಬಿಟ್ಟು ಹೋದ), ಒಪ್ಪಿಸಲ್ಪಟ್ಟ ಎಂದು ಮೂರು ಬಗೆ. ಇಂಥ ಮಕ್ಕಳ ವಿಷಯ ನೋಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾಯಿಯೇ ಬಂದು ಸಹಿ ಹಾಕಿ ಒಪ್ಪಿಸಿದ ಮಗುವನ್ನು ‘ಬಿಟ್ಟು ಹೋದಳು’ ಎಂದು ಬರೆದರೆ ವಿಷಯವೂ ತಪ್ಪು, ಆ ತಾಯಿಗೂ ಅನ್ಯಾಯ.

ಪ್ರಶ್ನೆ: ನನ್ನ ನಾಯಕ, ಹದಿನಾರು ವರ್ಷ, ಗೆಳೆಯನ ಜೊತೆ ಬೈಕಿನಲ್ಲಿ ದತ್ತು ಸಂಸ್ಥೆಗೆ ಹೋಗಿ ಕಡತ ನೋಡಿ ತಾಯಿಯ ವಿಳಾಸ ಪಡೆಯುತ್ತಾನೆ. ಆಮೇಲೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಮಾರುವ ಆಕೆಯನ್ನು ಕಾಣುತ್ತಾನೆ. ನಂಬುವಂತಿದೆಯೇ? (ಯಲಹಂಕ)

ಉತ್ತರ: ಇಲ್ಲ. (ಹದಿನಾರಕ್ಕೆ ಗೇರ್ ಬೈಕಿನ ಲೈಸೆನ್ಸೂ ಸಿಗುವುದಿಲ್ಲ, ಅದು ಬೇರೆ ಮಾತು.) ಮೂಲ ಹುಡುಕುವ ಹಕ್ಕು ದತ್ತು ಮಗುವಿಗೆ ಇದೆ, ಆದರೆ ಹದಿನೆಂಟು ತುಂಬುವವರೆಗೆ ಅಪ್ಪ ಅಮ್ಮನ ಜೊತೆಗೂಡಿಯೇ ಅರ್ಜಿ ಹಾಕಬೇಕು. ತುಂಬಿದ ಮೇಲೆ ಒಬ್ಬರೇ ಹಾಕಬಹುದು. ಗೆಳೆಯನಾಗಲಿ ಬೇರೆ ಯಾರೇ ಆಗಲಿ ಪರವಾಗಿ ಕೇಳುವಂತಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ವಿಳಾಸ ಕೈಗೆ ಬರುವುದೂ ಇಲ್ಲ. ಒಪ್ಪಿಸಿ ಹೋದ ತಾಯಿ ತನ್ನ ಗುರುತು ಹೇಳಬೇಡಿ ಎಂದಿದ್ದರೆ ಆಕೆಯ ಒಪ್ಪಿಗೆ ಕೇಳಬೇಕು. ಆಕೆ ಒಲ್ಲೆ ಎಂದರೆ, ಅಥವಾ ಪತ್ತೆಯೇ ಆಗದಿದ್ದರೆ, ಯಾವ ಕಾರಣಕ್ಕೆ, ಯಾವ ಪರಿಸ್ಥಿತಿಯಲ್ಲಿ ಒಪ್ಪಿಸಿದಳು ಎಂಬುದನ್ನಷ್ಟೇ ತಿಳಿಸುತ್ತಾರೆ. ಸಿಕ್ಕಿದ ಮಗುವಾದರೆ ಎಲ್ಲಿ, ಹೇಗೆ ಸಂಸ್ಥೆಗೆ ಬಂತು ಎಂಬುದು ತಿಳಿಯಬಹುದು. ಮಗುವಿನ ಹುಡುಕಾಟದ ಹಕ್ಕು ಹೆತ್ತವಳ ಖಾಸಗಿತನವನ್ನು ಮೀರುವಂತಿಲ್ಲ.

ಇದರಿಂದ ಕಥೆ ಸಣ್ಣದಾಗುವುದಿಲ್ಲ. ಹುಡುಗ ಮೊದಲು ಅಪ್ಪನನ್ನು ಕೇಳಬೇಕಲ್ಲ, ಆ ದೃಶ್ಯ ಬೈಕ್ ಸವಾರಿಗಿಂತ ಗಟ್ಟಿ. ಮತ್ತೊಂದು ಎಳೆ: ಒಪ್ಪಿಸಿದ ತಾಯಿ ತಂದೆಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ, ಆ ಗಡುವು ಮುಗಿದ ಮೇಲೆಯೇ ಮಗುವನ್ನು ದತ್ತುವಿಗೆ ಮುಕ್ತ ಎಂದು ಸಮಿತಿ ಘೋಷಿಸುವುದು. ಆ ಎರಡು ತಿಂಗಳಲ್ಲಿ ಆಕೆ ಒಮ್ಮೆ ಸಂಸ್ಥೆಯ ಗೇಟಿನವರೆಗೆ ಬಂದು ಹೋಗಿದ್ದಳು ಎಂದು ಕಡತದಲ್ಲಿ ಒಂದೇ ಸಾಲಿದ್ದರೆ ಹುಡುಗನ ನಿದ್ದೆ ಅಷ್ಟರಿಂದಲೇ ಕೆಡುತ್ತದೆ. ಮಾರ್ಕೆಟ್ಟಿನ ಹೂವಾಡಗಿತ್ತಿಯನ್ನು ಬಿಡಿ. ಸಿಕ್ಕಿದ ಜಾಗ ನೋಡಲು ಅಪ್ಪನೂ ಮಗನೂ ಹೋದರೆ ಅಲ್ಲಿ ಈಗ ಮೆಟ್ರೋ ಕಂಬವೋ ಅಂಡರ್‌ಪಾಸೋ ಇರುತ್ತದೆ. ಈ ಊರಿನಲ್ಲಿ ಅದಕ್ಕಿಂತ ನಂಬುವಂಥದ್ದು ಇನ್ನೇನಿದೆ?

ಪ್ರಶ್ನೆ: ಸಂಸ್ಥೆ, ಪೋರ್ಟಲ್ ಏನೂ ಇಲ್ಲದೆ ಅಕ್ಕನ ಎರಡನೇ ಮಗುವನ್ನು ತಂಗಿ ದತ್ತು ತೆಗೆದುಕೊಳ್ಳುವ ಕಥೆ ನನ್ನದು. ಇದಕ್ಕೂ ಅದೇ ಕಾನೂನೇ? (ಚಾಮರಾಜಪೇಟೆ)

ಉತ್ತರ: ಹಿಂದೂ ಕುಟುಂಬವಾದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಆಗಬಹುದು. ಮಗುವನ್ನು ಕೊಡುವುದು ಮತ್ತು ತೆಗೆದುಕೊಳ್ಳುವುದು ನಿಜವಾಗಿ ನಡೆಯಬೇಕು. ದತ್ತ ಹೋಮ ಕಡ್ಡಾಯವಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ದತ್ತಕ ಪತ್ರವಿದ್ದರೆ ದತ್ತು ಸರಿಯಾಗಿಯೇ ಆಗಿದೆ ಎಂದು ನ್ಯಾಯಾಲಯ ಭಾವಿಸುತ್ತದೆ. ಕಥೆಗಾರರು ಸಾಮಾನ್ಯವಾಗಿ ಮರೆಯುವ ಷರತ್ತುಗಳು: ರೂಢಿಯ ಅಪವಾದ ಬಿಟ್ಟರೆ ಮಗುವಿಗೆ ಹದಿನೈದು ತುಂಬಿರಬಾರದು, ಮತ್ತು ಮನೆಯಲ್ಲಿ ಆಗಲೇ ಮಗನಿದ್ದರೆ ಈ ಕಾಯ್ದೆಯಡಿ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಸುಮ್ಮನೆ ಮನೆಯಲ್ಲಿಟ್ಟುಕೊಂಡು ಸಾಕಿದರೆ ಅದು ದತ್ತು ಅಲ್ಲ. ಒಮ್ಮೆ ಸರಿಯಾಗಿ ಆದ ದತ್ತುವನ್ನು ರದ್ದು ಮಾಡಲು ಬರುವುದಿಲ್ಲ, ಆದ್ದರಿಂದ ‘ಕೋಪ ಬಂದು ಅಕ್ಕ ಮಗುವನ್ನು ವಾಪಸ್ ಕರೆದುಕೊಂಡು ಹೋದಳು’ ಎಂಬ ತಿರುವು ಕಾನೂನಿನಲ್ಲಿ ನಿಲ್ಲದು, ಜಗಳದಲ್ಲಿ ಮಾತ್ರ ನಿಲ್ಲುತ್ತದೆ.

ಹದಿಹರೆಯದ ಓದುಗರಿಗೆ ಈ ಬಗೆಯ ಕಥೆ ಸಂಸ್ಥೆಯ ಕಥೆಗಿಂತ ಹತ್ತಿರ ಅನ್ನಿಸುತ್ತದೆ ಎಂದು ನಮ್ಮ ಎಣಿಕೆ. ಹೆತ್ತಮ್ಮ ಇಲ್ಲಿ ‘ದೊಡ್ಡಮ್ಮ’. ಪ್ರತಿ ಗೌರಿಹಬ್ಬಕ್ಕೂ ಬಾಗಿನ ಹಿಡಿದು ಬರುತ್ತಾಳೆ. ಹುಡುಗಿ ಅವಳಿಗೆ ನಮಸ್ಕಾರ ಮಾಡಿ ಏಳುವಾಗ ಯಾರು ಯಾರ ಮುಖ ನೋಡುತ್ತಾರೆ ಎಂಬುದರಲ್ಲಿ ಒಂದು ಅಧ್ಯಾಯವೇ ಇದೆ.

ಪ್ರಶ್ನೆ: ಗೆಳತಿಯ ಮಗನ ನಿಜಕಥೆ ಆಧರಿಸಿ ಬರೆದಿದ್ದೇನೆ. ಹೆಸರು ಬದಲಿಸಿದ್ದೇನೆ. ಸಾಕಲ್ಲವೇ? (ಮಲ್ಲೇಶ್ವರ)

ಉತ್ತರ: ಸಾಲದು. ಗುರುತು ಸಿಗುವುದು ಹೆಸರಿನಿಂದಲ್ಲ, ಜೋಡಣೆಯಿಂದ. ಬಡಾವಣೆ, ಶಾಲೆ, ಮಗು ಬಂದ ವರ್ಷ, ಸಂಸ್ಥೆ, ಅಪ್ಪನ ಕೆಲಸ, ಮಗುವಿನ ಆರೋಗ್ಯದ ವಿಶೇಷ: ಈ ಆರರಲ್ಲಿ ಮೂರು ಒಟ್ಟಿಗೆ ಸರಿ ಹೊಂದಿದರೆ ಅಪಾರ್ಟ್‌ಮೆಂಟಿನವರು ಅರ್ಧ ಗಂಟೆಯಲ್ಲಿ ಗುರುತು ಹಿಡಿಯುತ್ತಾರೆ. ನಾಲ್ಕನ್ನಾದರೂ ಬದಲಿಸಿ, ಜೊತೆಗೆ ಮಗುವಿನ ವಯಸ್ಸನ್ನೂ ಬದಲಿಸಿ. ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಸಜೆ, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾದಂಬರಿ ಸುದ್ದಿಯಲ್ಲ ನಿಜ, ಆದರೆ ಮುನ್ನುಡಿಯಲ್ಲಿ ‘ಇದು ನಿಜ ಘಟನೆ’ ಎಂದು ಬರೆದು ನೀವೇ ಬಾಗಿಲು ತೆರೆಯಬೇಡಿ.

ಅದಕ್ಕಿಂತ ಮೊದಲ ಪ್ರಶ್ನೆ: ಹುಡುಗನನ್ನು ಕೇಳಿದ್ದೀರಾ? ಗೆಳತಿ ಹೂಂ ಅಂದರೆ ಅದು ಗೆಳತಿಯ ಪಾಲಿನ ಒಪ್ಪಿಗೆ. ಅವನು ಸಣ್ಣವನಿದ್ದರೆ ಅವನ ಭಾಗವನ್ನು ಬಿಟ್ಟು ಬರೆಯಿರಿ, ದೊಡ್ಡವನಿದ್ದರೆ ಅಚ್ಚಿಗೆ ಹೋಗುವ ಮೊದಲು ಅವನಿಗೇ ಓದಲು ಕೊಡಿ. ಬೇಡ ಎಂದ ಪುಟ ತೆಗೆಯುತ್ತೇನೆ ಎಂದು ಮೊದಲೇ ಹೇಳಿ, ಹೇಳಿದ ಮೇಲೆ ತೆಗೆಯಿರಿ.

ಪ್ರಶ್ನೆ: ಮೇಡಂ, ನಾನು ಫಸ್ಟ್ ಪಿಯು. ನಾನೂ ದತ್ತು ಬಂದವಳೇ. ಅದರ ಬಗ್ಗೆ ಒಂದು ಕಥೆ ಬರೆದಿದ್ದೀನಿ. ಕಾಲೇಜು ಮ್ಯಾಗಜೀನ್‌ಗೆ ಕೊಡಲಾ? ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ. (ಕೆಂಗೇರಿ)

ಉತ್ತರ: ಕೊಡಬಹುದು, ಆದರೆ ಒಂದು ತಿಂಗಳು ತಡೆದು ಕೊಡು. ಕಥೆ ಒಮ್ಮೆ ಹೊರಗೆ ಹೋದರೆ ವಾಪಸ್ ಬರುವುದಿಲ್ಲ, ವಾಟ್ಸ್ಯಾಪ್‌ನಲ್ಲಿ ಪಿಡಿಎಫ್ ಹೋಯಿತೆಂದರೆ ಅಂತೂ ಮುಗಿಯಿತು. ಈ ತಿಂಗಳಲ್ಲಿ ಮೂರು ಬಣ್ಣದ ಪೆನ್ಸಿಲ್ ಹಿಡಿದು ಓದು. ನಿನ್ನದೇ ಆದ ಸಾಲುಗಳಿಗೆ ಒಂದು ಬಣ್ಣ: ನಿನಗೆ ಅನಿಸಿದ್ದು, ನೀನು ಕಂಡದ್ದು. ಅಪ್ಪ ಅಮ್ಮನದಾದ ಸಾಲುಗಳಿಗೆ ಇನ್ನೊಂದು: ಮಕ್ಕಳಾಗದ್ದು, ಆಸ್ಪತ್ರೆಗೆ ತಿರುಗಿದ್ದು. ಹೆತ್ತವಳ ಬಗ್ಗೆ ಕಡತದಿಂದ ತಿಳಿದದ್ದಕ್ಕೆ ಮೂರನೆಯದು. ಮೊದಲ ಬಣ್ಣಕ್ಕೆ ಯಾರ ಅಪ್ಪಣೆಯೂ ಬೇಡ. ಎರಡನೆಯದಕ್ಕೆ ಮನೆಯಲ್ಲಿ ಕೇಳು. ಮೂರನೆಯದನ್ನು ಈಗ ಅಚ್ಚಿಗೆ ಕೊಡಬೇಡ, ನಿನ್ನ ನೋಟ್‌ಬುಕ್ಕಿನಲ್ಲಿ ಜೋಪಾನವಾಗಿರಲಿ.

ಬೇರೆ ಹೆಸರಿನಲ್ಲಿ ಕೊಡುವುದಾದರೆ ಫೈಲಿನ ಪ್ರಾಪರ್ಟೀಸ್ ತೆರೆದು ನೋಡು, ಬರೆದವರ ಹೆಸರು ಅಲ್ಲಿ ಉಳಿದಿರುತ್ತದೆ. ಮ್ಯಾಗಜೀನ್‌ನ ಮೇಷ್ಟರಿಗೆ ನಿಜ ಹೆಸರು ಹೇಳಲೇಬೇಕಾದರೆ ಸ್ಟಾಫ್ ರೂಮಿನಲ್ಲಿ ಹೇಳಬೇಡ, ಒಬ್ಬರೇ ಇರುವಾಗ ಹೇಳು. ಪ್ರಕಟವಾದ ಮೇಲೆ ಯಾರಾದರೂ ‘ಇದು ನಿಂದೇ ಕಥೆನಾ?’ ಎಂದರೆ ಏನು ಹೇಳುವುದು ಎಂದು ಮೊದಲೇ ಒಂದು ವಾಕ್ಯ ಕಟ್ಟಿಟ್ಟುಕೋ. ‘ಕಥೆ ಕಣೋ’ ಎಂಬುದೂ ಉತ್ತರವೇ. ಬರೆಯುವಾಗ ತುಂಬಾ ಕಂಗೆಟ್ಟರೆ 14416ಕ್ಕೆ ಫೋನ್ ಮಾಡು, ಅದು ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಅಚ್ಚಿಗೆ ಮುಂಚೆ ಯಾರಿಂದ ಓದಿಸಬೇಕು? ಶಾಲೆಯೊಂದರಲ್ಲಿ ದತ್ತು ಮಕ್ಕಳನ್ನು ಸೇರಿಸಿ ಓದಿಸೋಣ ಎಂದಿದ್ದೇನೆ. (ಬನಶಂಕರಿ)

ಉತ್ತರ: ಆ ಶಾಲೆಯ ಯೋಜನೆ ಕೈಬಿಡಿ. ‘ಇಲ್ಲಿ ದತ್ತು ಮಕ್ಕಳು ಯಾರು?’ ಎಂದು ಕೇಳುವುದೇ ತಪ್ಪು. ಶಾಲೆ ಹೇಳಿದರೆ ಅದು ಇನ್ನೂ ದೊಡ್ಡ ತಪ್ಪು.

ಎಂಟು ಜನ ಸಾಕು. ದತ್ತು ಬಂದು ಬೆಳೆದ ವಯಸ್ಕರು ಮೂವರು, ದತ್ತು ತೆಗೆದುಕೊಂಡ ತಾಯಿ ಅಥವಾ ತಂದೆ ಒಬ್ಬರು, ಈ ಕ್ಷೇತ್ರದ ಸಮಾಜ ಕಾರ್ಯಕರ್ತರು ಒಬ್ಬರು, ಹದಿನಾಲ್ಕರಿಂದ ಹದಿನೇಳರ ಮೂವರು ಸಾಮಾನ್ಯ ಓದುಗರು (ಮನೆಯವರ ಒಪ್ಪಿಗೆಯೊಂದಿಗೆ). ವಯಸ್ಕರಿಗೆ ಗೌರವಧನ ಕೊಡಿ, ಅವರು ಮಾಡುತ್ತಿರುವುದು ಕೆಲಸ. ಮೊದಲು ಮೂವತ್ತು ಪುಟ ಕೊಟ್ಟು ಮುಂದುವರಿಯಲು ಇಷ್ಟವೇ ಎಂದು ಕೇಳಿ, ಇಷ್ಟವಿದ್ದರೆ ಪೂರ್ತಿ ಕೊಟ್ಟು ಮೂರು ವಾರ ಬಿಡಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಬರುತ್ತದೆ. ಬದಲಿಗೆ ಕೇಳಿ: ಎಲ್ಲಿ ಪುಸ್ತಕ ಕೆಳಗಿಡಬೇಕು ಅನ್ನಿಸಿತು? ಯಾವ ಮಾತು ಆ ಪಾತ್ರ ಆಡುವುದಿಲ್ಲ? ಯಾರಿಗೆ ಸುಲಭವಾಗಿ ಕ್ಷಮೆ ಸಿಕ್ಕಿತು? ಹುಡುಗಿ ಕೃತಜ್ಞಳಾಗಿರಲೇಬೇಕು ಎಂದು ಪುಸ್ತಕ ಎಲ್ಲಾದರೂ ಒತ್ತಾಯಿಸಿತೇ? ಈ ಕೊನೆಯದಕ್ಕೆ ಬರುವ ಉತ್ತರವೇ ಹೆಚ್ಚು ನೋಯಿಸುತ್ತದೆ, ಹೆಚ್ಚು ಕೆಲಸಕ್ಕೂ ಬರುತ್ತದೆ. ಓದುಗರ ಸ್ವಂತ ಕಥೆಯನ್ನು ಮಾತ್ರ ಕೇಳಬೇಡಿ. ಅವರಾಗಿ ಹೇಳಿದರೂ ಅದನ್ನು ಕಾದಂಬರಿಗೆ ಎತ್ತಿಕೊಳ್ಳುವಂತಿಲ್ಲ.

ಪ್ರಶ್ನೆ: ಎಷ್ಟು ಪದ ಇರಬೇಕು? ಪ್ರಕಾಶಕರಿಗೆ ಯಾವ ಫೈಲ್ ಕಳಿಸಬೇಕು? (ವಿಜಯನಗರ)

ಉತ್ತರ: ಈ ವಯಸ್ಸಿನವರಿಗೆ 25ರಿಂದ 35 ಸಾವಿರ ಪದ ಹದವಾಗಿರುತ್ತದೆ. ಡೆಮಿ 1/8 ಆಕಾರದಲ್ಲಿ (ಕಾದಂಬರಿಗಳ ಸಾಮಾನ್ಯ ಅಳತೆ) ಪುಟಕ್ಕೆ ಸುಮಾರು 250 ಪದ ಹಿಡಿದರೆ 30 ಸಾವಿರಕ್ಕೆ 120 ಪುಟ. ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟಿಗೆ ಫಾರಂ ಎನ್ನುತ್ತಾರೆ, ಒಂದಕ್ಕೆ 16 ಪುಟದಂತೆ ಎಂಟು ಫಾರಂ, 128 ಪುಟ. ಶೀರ್ಷಿಕೆ ಪುಟ, ಅರ್ಪಣೆ, ಮುನ್ನುಡಿಗೆ ಎಂಟು ಪುಟ ಉಳಿಯುತ್ತದೆ. ಒಂದೂವರೆ ಪುಟ ಹೆಚ್ಚಾಗಿ ಒಂಬತ್ತನೇ ಫಾರಂಗೆ ಜಾರಿದರೆ ಕಾಗದದ ಖರ್ಚು ಏರುತ್ತದೆ, ಆಗ ಪ್ರಕಾಶಕರು ನಿಮ್ಮ ಕೊನೆಯ ಅಧ್ಯಾಯಕ್ಕೇ ಕತ್ತರಿ ಹಾಕಲು ಹೇಳುತ್ತಾರೆ. ಮೊದಲೇ ಲೆಕ್ಕ ಹಾಕಿಕೊಳ್ಳಿ.

ಯೂನಿಕೋಡ್ ಫೈಲ್ ಮತ್ತು ಅದರ ಪಿಡಿಎಫ್ ಎರಡನ್ನೂ ಕಳಿಸಿ. ಪುಟವಿನ್ಯಾಸ ಮಾಡುವವರು ಅದನ್ನು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿದರೆ ಅರ್ಕಾವತ್ತು ಇರುವ ಕಡೆ, ಇಂಗ್ಲಿಷ್ ಪದಕ್ಕೆ ವಿಭಕ್ತಿ ಸೇರುವ ಕಡೆ ಕೆಡುತ್ತದೆ. ‘ಪೋರ್ಟಲ್‌ನಲ್ಲಿ’ ಎಂಬುದು ‘ಪೋರ್ಟಲ್ನಲ್ಲಿ’ ಆಗುವುದು, ಅಕ್ಷರಗಳು ಅಂಟದಂತೆ ಮಧ್ಯೆ ಇರುವ ಕಾಣದ ಗುರುತು ಕಳೆದುಹೋಗುವುದರಿಂದ. ದತ್ತು ಕಥೆಯಲ್ಲಿ ಇಂಥ ಪದ ಜಾಸ್ತಿ. ಕರಡು ಬಂದಾಗ ಅವನ್ನು ಪಿಡಿಎಫ್ ಜೊತೆ ಒಂದೊಂದಾಗಿ ಹೋಲಿಸಿ ನೋಡಿ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರು ಐಎಸ್‌ಬಿಎನ್‌ಗೆ ಯಾರಿಗೂ ಹಣ ಕೊಡಬೇಡಿ. ರಾಜಾರಾಮ್ ಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿಯೇ ಕೊಡುತ್ತದೆ.